ಹೊಸ ಸ್ಟೀರಿಯೋ ಹಾಕಿಸಿದ ಮೇಲೆ ಪವರ್ ಆಂಟೆನಾ ಏಳದಿದ್ದರೆ, ಎದ್ದದ್ದು ಇಳಿಯದಿದ್ದರೆ

ಹಳೆ ಸೆಟ್ ಇದ್ದಷ್ಟು ದಿನ ರೇಡಿಯೋ ಹಾಕಿದ ಕೂಡಲೇ ಸರ್ರನೆ ಏಳುತ್ತಿದ್ದ ಆಂಟೆನಾ ಹೊಸ ಸೆಟ್ ಕೂರಿಸಿದ ದಿನದಿಂದ ಅಲ್ಲಾಡುತ್ತಿಲ್ಲ. ಅಥವಾ ಎದ್ದದ್ದು ಇಳಿಯುತ್ತಿಲ್ಲ. ನಿನ್ನೆವರೆಗೆ ಸರಿಯಿದ್ದದ್ದು ಸೆಟ್ ಬದಲಿಸಿದ ದಿನವೇ ಕೆಟ್ಟಿತು ಎಂದರೆ ಮೊದಲ ಅನುಮಾನ ಮೋಟಾರಿನ ಮೇಲೆ ಬೀಳಬಾರದು, ಅಂದು ಕೈ ಆಡಿದ ಜಾಗದ ಮೇಲೆ ಬೀಳಬೇಕು. ಆ ಜಾಗ ಡ್ಯಾಶ್‌ಬೋರ್ಡಿನ ಹಿಂದಿನ ವೈರ್ ಗೊಂಚಲು. ಅಂಗಡಿಗೆ ಹೋಗಿ "ಅಣ್ಣ, ಆಂಟೆನಾ ಕೆಲಸ ಮಾಡ್ತಿಲ್ಲ" ಎಂದಷ್ಟೇ ಹೇಳಿದರೆ ಮೋಟಾರ್ ಬದಲಿಸುವ ಮಾತೇ ಮೊದಲು ಬರುತ್ತದೆ. "ನೀಲಿ ವೈರ್‌ನಲ್ಲಿ ಹನ್ನೆರಡು ವೋಲ್ಟ್ ಬರ್ತಿದೆಯಾ ನೋಡಣ್ಣ" ಎಂದು ಹೇಳಿ ನೋಡಿ, ಮಾತಿನ ದಿಕ್ಕೇ ಬೇರೆಯಾಗುತ್ತದೆ. ಆಂಟೆನಾಗೆ 'ಏಳು' ಎಂದು ಹೇಳಲು ಸೆಟ್ಟಿನಿಂದ ಹೊರಡುವ ವೈರ್ ಅದು.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, 10 ಆಂಪಿಯರ್ ಫ್ಯೂಸ್ ಹಾಕಿದ ಒಂದೂವರೆ ಮೀಟರ್ ವೈರ್, ಸ್ಕ್ರೂಡ್ರೈವರ್, ಸ್ಪ್ಯಾನರ್ ಸೆಟ್, ಸ್ವಲ್ಪ ಮರಳು ಕಾಗದ, ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಜಾಯಿಂಟ್ ಹಿಡಿಯುವ ಕೊಳವೆ). ಜೊತೆಗೆ ಸೆಟ್ ಆನ್-ಆಫ್ ಮಾಡಲು ಇನ್ನೊಬ್ಬರು ಇರಲಿ. ಬಲ್ಬ್ ಇರುವ ಹಳೆ ಟೆಸ್ಟ್ ಲ್ಯಾಂಪ್ ಫ್ಯೂಸ್ ನೋಡುವುದಕ್ಕೆ ಸರಿ, ಸೆಟ್ಟಿನ ನೀಲಿ ವೈರ್‌ಗೆ ಮಾತ್ರ ಅದನ್ನು ಮುಟ್ಟಿಸಬೇಡಿ. ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಆ ವೈರ್‌ನ ಶಕ್ತಿ ಸಾಮಾನ್ಯವಾಗಿ 0.3ರಿಂದ 0.5 ಆಂಪಿಯರ್ ಅಷ್ಟೆ. ಪರೀಕ್ಷೆ ಮಾಡಲು ಹೋಗಿ ಸೆಟ್ಟಿನೊಳಗಿನ ಟ್ರಾನ್ಸಿಸ್ಟರ್ ಸುಟ್ಟುಕೊಳ್ಳುವುದು ಹೀಗೆಯೇ.

ಏನನ್ನೂ ಬಿಚ್ಚುವ ಮುನ್ನ

ಆಂಟೆನಾ ಎದ್ದೂ ಸ್ಟೇಷನ್ ಸರಿಯಾಗಿ ಬರುತ್ತಿಲ್ಲ ಎನ್ನುವುದಾದರೆ ಸೆಟ್ಟಿನ ರೇಡಿಯೋ ರೀಜನ್, ಅಂದರೆ ಯಾವ ದೇಶದ ಲೆಕ್ಕದಲ್ಲಿ ಸ್ಟೇಷನ್ ಹುಡುಕುತ್ತಿದೆ ಎಂಬ ಸೆಟ್ಟಿಂಗ್ ನೋಡಿ. ಚಿತ್ರದುರ್ಗ ಆಕಾಶವಾಣಿ ಬರುವುದು 102.6 ಮೆಗಾಹರ್ಟ್ಸ್‌ನಲ್ಲಿ. ರೀಜನ್ ಅಮೆರಿಕಕ್ಕೆ ನಿಂತಿದ್ದರೆ ಎಫ್‌ಎಂ 0.2ರ ಹೆಜ್ಜೆಯಲ್ಲಿ, ಬೆಸ ಅಂಕಿಗಳ ಮೇಲೆ ಮಾತ್ರ ನಡೆಯುತ್ತದೆ. 102.5 ಆದ ಮೇಲೆ ನೇರ 102.7. ನಮ್ಮ ಸ್ಟೇಷನ್ ಎರಡರ ನಡುವೆ ಉಳಿದು, ಎರಡೂ ಕಡೆ ಒಡೆದ ದನಿಯಲ್ಲಿ ಕೇಳುತ್ತದೆ. ಎಎಂ ಕಥೆಯೂ ಇದೇ. ಭದ್ರಾವತಿ 675 ಕಿಲೋಹರ್ಟ್ಸ್, ಧಾರವಾಡ 765. ನಮ್ಮಲ್ಲಿ ಎಎಂ ಹೆಜ್ಜೆ 9 ಕಿಲೋಹರ್ಟ್ಸ್‌ನದು. ಅಮೆರಿಕದ ಹೆಜ್ಜೆ 10ರದ್ದಾದ್ದರಿಂದ ಸೆಟ್ 670ಕ್ಕೆ ನಿಲ್ಲುತ್ತದೆ, ಬಿಟ್ಟರೆ 680ಕ್ಕೆ. ಸೆಟ್ಟಿಂಗ್‌ನಲ್ಲಿ ರೀಜನ್ ಅನ್ನು ಯುರೋಪ್ ಅಥವಾ ಏಷ್ಯಾಕ್ಕೆ ಬದಲಿಸಿ. ಕೆಲವು ಆಂಡ್ರಾಯ್ಡ್ ಸೆಟ್‌ಗಳಲ್ಲಿ ಇದು ಫ್ಯಾಕ್ಟರಿ ಸೆಟ್ಟಿಂಗ್ ಒಳಗೆ, ಪಾಸ್‌ವರ್ಡ್ ಹಿಂದೆ ಅಡಗಿರುತ್ತದೆ. ಪಾಸ್‌ವರ್ಡ್ ಮಾರಿದವರ ಹತ್ತಿರವೇ ಸಿಗುತ್ತದೆ.

ರೀಜನ್ ಸರಿಯಿದ್ದರೆ ಮುಂದಿನದು ಕಿವಿಯ ಕೆಲಸ. ಎಂಜಿನ್ ಬಂದ್ ಇರಲಿ, ಕೀ ಆನ್ ಮಾಡಿ. ಒಬ್ಬರು ಎಫ್‌ಎಂ ಹಾಕಲಿ, ಇನ್ನೊಬ್ಬರು ಆಂಟೆನಾ ಇರುವ ಫೆಂಡರ್ ಅಥವಾ ಡಿಕ್ಕಿ ಮೂಲೆಗೆ ಕಿವಿಯಿಡಲಿ. ಏನೂ ಸದ್ದಿಲ್ಲ ಎಂದರೆ ಕರೆಂಟ್ ಅಥವಾ ಸಿಗ್ನಲ್ ಬರುತ್ತಿಲ್ಲ. ಮೋಟಾರ್ ತಿರುಗುವ ಸದ್ದು ಬಂದು ಕಡ್ಡಿ ಮಾತ್ರ ಏಳದಿದ್ದರೆ ಒಳಗಿನ ಹಲ್ಲಿನ ನೈಲಾನ್ ದಾರ ತುಂಡಾಗಿದೆ. ಅದಕ್ಕೂ ಸೆಟ್ಟಿಗೂ ಸಂಬಂಧವಿಲ್ಲ, ನೇರ ಕಡ್ಡಿ ಬದಲಿಸುವ ಭಾಗಕ್ಕೆ ಹೋಗಿ. ಬರೀ 'ಟಿಕ್' ಎಂದು ಒಂದು ಸಲ ಸದ್ದಾಗಿ ನಿಂತರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಎಳೆಯುತ್ತಿದೆ, ಮೋಟಾರಿಗೆ ಕರೆಂಟ್ ಮುಟ್ಟುತ್ತಿಲ್ಲ ಅಥವಾ ಧೂಳಿಗೆ ಕಡ್ಡಿ ಹಿಡಿದುಕೊಂಡಿದೆ.

ಮೂರು ವೈರ್‌ಗಳ ಲೆಕ್ಕ

ಸ್ವಯಂಚಾಲಿತ ಆಂಟೆನಾಗೆ ಸ್ಟೇಷನ್ನಿನ ಅಲೆಯನ್ನು ಸೆಟ್ಟಿಗೆ ತರುವ ಕೋಆಕ್ಸ್ ಕೇಬಲ್ ಬಿಟ್ಟು ಮೂರು ವೈರ್ ಇರುತ್ತವೆ. ಒಂದಕ್ಕೆ ಬ್ಯಾಟರಿ ಡೈರೆಕ್ಟ್ ಸಪ್ಲೈ, ಕೀ ತೆಗೆದರೂ ಇರಬೇಕು. ಇನ್ನೊಂದು ಅರ್ತ್. ಮೂರನೆಯದು ಸಿಗ್ನಲ್, ಅಂದರೆ ಸೆಟ್ಟಿನಿಂದ ಬರುವ 12 ವೋಲ್ಟ್. ಸಿಗ್ನಲ್ ಬಂದರೆ ಮೇಲೇಳು, ಹೋದರೆ ಕೆಳಗಿಳಿ: ಆಂಟೆನಾಗೆ ಗೊತ್ತಿರುವುದು ಇಷ್ಟೇ. ಇಳಿಯುವ ಕೆಲಸ ನಡೆಯುವುದು ಸಿಗ್ನಲ್ ಹೋದ ಮೇಲೆ, ಬಹುಪಾಲು ಕೀ ತೆಗೆದ ಮೇಲೆ. ಆಗಲೂ ಕರೆಂಟ್ ಬೇಕಲ್ಲ? ಡೈರೆಕ್ಟ್ ಸಪ್ಲೈ ಕೊಟ್ಟಿರುವುದು ಅದಕ್ಕೇ. ಇದೊಂದು ತಲೆಯಲ್ಲಿದ್ದರೆ ಮುಂದಿನ ಅರ್ಧ ತೊಂದರೆಗಳು ತಾವೇ ಬಿಡಿಸಿಕೊಳ್ಳುತ್ತವೆ.

ಮೋಟಾರಿನಿಂದ ಎರಡೇ ವೈರ್ ಬಂದಿದ್ದರೆ ಅದು ಬೇರೆ ಜಾತಿ. ಹಳೆ ಅಂಬಾಸಿಡರ್, ಕಾಂಟೆಸ್ಸಾಗಳಿಗೆ ಹೊರಗಿನಿಂದ ಹಾಕಿಸಿದ ಆಂಟೆನಾಗಳಲ್ಲಿ ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿ ಏರಿಸುವ, ಇಳಿಸುವ ಬಗೆಯವು ಇವು. ಪ್ಲಸ್-ಮೈನಸ್ ಅದಲುಬದಲಾದರೆ ಮೋಟಾರ್ ತಿರುಗುವ ದಿಕ್ಕೂ ಬದಲು. ಇಂಥ ಮೋಟಾರಿಗೆ ಸೆಟ್ಟಿನ ನೀಲಿ ವೈರ್ ಕೊಟ್ಟರೆ ಮೋಟಾರ್ ಓಡುವುದಿಲ್ಲ, ಸೆಟ್ ಹೋಗುತ್ತದೆ. ಸ್ವಿಚ್ಚನ್ನೇ ಉಳಿಸಿಕೊಳ್ಳುವುದು ಕ್ಷೇಮ. ಕೆಲವು ಕಾರುಗಳಲ್ಲಿ ಮೋಟಾರಿಗೆ ಎರಡೇ ವೈರ್ ಇದ್ದರೂ ಪಕ್ಕದಲ್ಲೊಂದು ರಿಲೇ ಡಬ್ಬಿ ಇರುತ್ತದೆ, ಮೂರು ವೈರ್‌ಗಳು ಆ ಡಬ್ಬಿಗೆ ಬಂದಿರುತ್ತವೆ. ಆಗ ಪರೀಕ್ಷೆಯೆಲ್ಲ ಡಬ್ಬಿಯ ಕಪ್ಲರ್‌ನಲ್ಲಿ, ಅಂದರೆ ವೈರ್‌ಗಳು ಸೇರುವ ಪ್ಲಗ್ಗಿನಲ್ಲಿ ಮಾಡಿ.

ಈಗ ಸೆಟ್ಟಿನ ಕಡೆ. ಹೊರಗಿನ ಸೆಟ್‌ಗಳ ಬಣ್ಣದ ಲೆಕ್ಕ ಬಹುಮಟ್ಟಿಗೆ ಒಂದೇ. ಹಳದಿ ಬ್ಯಾಟರಿ ಡೈರೆಕ್ಟ್, ಕೆಂಪು ಕೀ ಆನ್ ಆದಾಗಿನ ಸಪ್ಲೈ, ಕಪ್ಪು ಅರ್ತ್, ನೀಲಿ ಆಂಟೆನಾ, ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ಆಂಪ್ಲಿಫೈಯರ್ ರಿಮೋಟ್, ಅಂದರೆ ಆಂಪ್ಲಿಫೈಯರನ್ನು ಆನ್ ಮಾಡುವ ವೈರ್. ಗೆರೆಯಿಲ್ಲದ ನೀಲಿ ಎಷ್ಟೋ ಸೆಟ್‌ಗಳಲ್ಲಿ ರೇಡಿಯೋ ಹಾಕಿದಾಗ ಮಾತ್ರ 12 ವೋಲ್ಟ್ ಕೊಡುತ್ತದೆ. ಬಿಳಿ ಗೆರೆಯದು ಸೆಟ್ ಆನ್ ಇರುವಷ್ಟು ಹೊತ್ತೂ, ಬ್ಲೂಟೂತ್‌ನಲ್ಲಿ ಹಾಡು ಬರುತ್ತಿದ್ದರೂ ಕೊಡುತ್ತಲೇ ಇರುತ್ತದೆ. ಅಗ್ಗದ ಸೆಟ್‌ಗಳಲ್ಲಿ ಒಂದೇ ನೀಲಿ ವೈರ್ ಬಿಟ್ಟು ಎರಡಕ್ಕೂ ಅದೇ ಎಂದು ಬಿಟ್ಟಿರುತ್ತಾರೆ. ಕಾರಿನ ಕಡೆ ಐಎಸ್‌ಒ ಎಂಬ ಸ್ಟ್ಯಾಂಡರ್ಡ್ ಅಳತೆಯ ಕಪ್ಲರ್ ಇದ್ದರೆ ಪವರ್ ಬ್ಲಾಕಿನ 4ನೇ ಪಿನ್ ಡೈರೆಕ್ಟ್, 5 ಆಂಟೆನಾ, 6 ಲೈಟಿಂಗ್, 7 ಕೀ ಸಪ್ಲೈ, 8 ಅರ್ತ್. ಫೋಕ್ಸ್‌ವ್ಯಾಗನ್ ಗಾಡಿಗಳಲ್ಲಿ 4 ಮತ್ತು 7 ಅದಲುಬದಲಾಗಿರುವುದುಂಟು. ತುಂಬಾ ಸಲ ಅಡಾಪ್ಟರ್ ಕಪ್ಲರ್‌ನ 5ನೇ ಪಿನ್ನಿಗೆ ವೈರೇ ಇರುವುದಿಲ್ಲ. ಸೆಟ್ ಹಾಡಿದರೆ ಸಾಕು ಎಂದು ನೀಲಿ ವೈರ್‌ನ ತುದಿಗೆ ಟೇಪ್ ಸುತ್ತಿ ಒಳಗೆ ತುರುಕಿರುತ್ತಾರೆ. ಏಳದ ಆಂಟೆನಾಗಳಲ್ಲಿ ಇದೇ ಅತಿ ಸಾಮಾನ್ಯ ಕಾರಣ.

ಎರಡು ತುದಿಯಲ್ಲೂ ನೋಡಿ

ಮೊದಲು ಮೋಟಾರಿನ ತುದಿ. ಡಿಕ್ಕಿಯ ಲೈನಿಂಗ್ ಅಥವಾ ಮುಂದಿನ ಫೆಂಡರಿನ ಒಳಗಿನ ಪ್ಲಾಸ್ಟಿಕ್ ಸರಿಸಿ ಕಪ್ಲರ್ ಬಿಚ್ಚಿ. ಕೀ ತೆಗೆದಿರುವಾಗ ಡೈರೆಕ್ಟ್ ವೈರ್‌ಗೂ ಬಾಡಿಗೂ ನಡುವೆ 12.4 ವೋಲ್ಟ್ ಆಸುಪಾಸು ಇರಬೇಕು. ಇಲ್ಲವೆಂದರೆ ಫ್ಯೂಸ್ ನೋಡಿ; ಸೆಟ್ ಬದಲಿಸುವಾಗ ಬ್ಯಾಟರಿ ಬಿಚ್ಚದೆ ಹಳದಿ ವೈರ್ ಬಾಡಿಗೆ ತಾಗಿಸಿದ್ದರೆ ಹೋಗುವುದು ಆ ಫ್ಯೂಸೇ. ರೇಡಿಯೋದ ಡೈರೆಕ್ಟ್ ಸಪ್ಲೈ ಮತ್ತು ಆಂಟೆನಾ ಒಂದೇ ಫ್ಯೂಸಿನಲ್ಲಿರುವ ಗಾಡಿಗಳೂ ಇವೆ. ಆಮೇಲೆ ಅರ್ತ್. ಮೀಟರನ್ನು ಓಮ್ಸ್‌ಗೆ ಇಟ್ಟು ಅರ್ತ್ ವೈರ್‌ಗೂ ಬಾಡಿಯ ಬರಿ ಲೋಹಕ್ಕೂ ನಡುವೆ ನೋಡಿದರೆ 1 ಓಮ್‌ಗಿಂತ ಕಡಿಮೆ ತೋರಿಸಬೇಕು.

ಎರಡೂ ಸರಿಯಿದ್ದರೆ ಕಪ್ಲರ್ ಮತ್ತೆ ಹಾಕಿ, ಫ್ಯೂಸ್ ಇರುವ ನಿಮ್ಮ ವೈರ್‌ನಿಂದ ಸಿಗ್ನಲ್ ಪಿನ್ನಿಗೆ 12 ವೋಲ್ಟ್ ಮುಟ್ಟಿಸಿ. ಆದರೆ ಸೆಟ್ಟಿನಿಂದ ಬರುವ ಸಿಗ್ನಲ್ ವೈರನ್ನು ಆ ಹೊತ್ತಿಗೆ ಬಿಡಿಸಿಟ್ಟಿರಿ, ಇಲ್ಲದಿದ್ದರೆ ಕರೆಂಟ್ ತಿರುಗಿ ಸೆಟ್ಟಿನೊಳಗೆ ಹೋಗುತ್ತದೆ. ಆಂಟೆನಾ ಎದ್ದು, ವೈರ್ ತೆಗೆದಾಗ ಇಳಿಯಿತೇ? ಹಾಗಾದರೆ ಮೋಟಾರ್, ರಿಲೇ, ದಾರ ಎಲ್ಲವೂ ಚೆನ್ನಾಗಿವೆ, ಗೊಂದಲ ಇರುವುದು ಸೆಟ್ಟಿಗೂ ಅಲ್ಲಿಗೂ ನಡುವೆ. ಮೋಟಾರ್ ಬದಲಿಸುವ ಮಾತನ್ನು ಇಲ್ಲಿಗೇ ಬಿಟ್ಟುಬಿಡಬಹುದು.

ಈಗ ಸೆಟ್ ಹೊರಗೆಳೆಯಿರಿ. ಬ್ಯಾಟರಿಯ ಮೈನಸ್ ಬಿಚ್ಚಿ ಎಳೆದು, ಪರೀಕ್ಷೆಗೆ ಮತ್ತೆ ಹಾಕಿ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಆ ಕಡೆಯ ಹಳದಿ ಕಪ್ಲರ್‌ಗಳ ಹತ್ತಿರ ಮೀಟರಿನ ವೈರ್‌ಗಳ ಚೂಪು ತುದಿ ಸುಳಿಯಬಾರದು. ನೀಲಿ ವೈರ್‌ನ ತುದಿ ಬಿಡಿಯಾಗಿಟ್ಟು ಎಫ್‌ಎಂ ಹಾಕಿ, ಮೀಟರ್ ಇಡಿ: 12 ವೋಲ್ಟ್ ಆಸುಪಾಸು ಬರಬೇಕು, ಸೆಟ್ ಆಫ್ ಮಾಡಿದರೆ ಸೊನ್ನೆಗೆ ಇಳಿಯಬೇಕು. ಆಂಡ್ರಾಯ್ಡ್ ಸೆಟ್ ಪೂರ್ತಿ ಎದ್ದೇಳಲು ಅರ್ಧ ನಿಮಿಷ ಹಿಡಿದೀತು, ಅಲ್ಲಿಯವರೆಗೆ ಕಾಯಿರಿ. ಬಿಡಿ ತುದಿಯಲ್ಲಿ 12 ಬಂದು ಆಂಟೆನಾ ವೈರ್‌ಗೆ ಸೇರಿಸಿದ ಕೂಡಲೇ 4ಕ್ಕೋ 5ಕ್ಕೋ ಬಿದ್ದರೆ ಸೆಟ್ಟಿನ ಔಟ್‌ಪುಟ್‌ಗೆ ಭಾರ ಹೆಚ್ಚಾಗಿದೆ. ಆಂಪ್ಲಿಫೈಯರ್ ಕೂಡ ಅದೇ ವೈರ್‌ನಲ್ಲಿದ್ದರೆ ಹೀಗಾಗುತ್ತದೆ. ಬಿಡಿ ತುದಿಯಲ್ಲೂ ಸೊನ್ನೆ ಇದ್ದರೆ ನೀಲಿ-ಬಿಳಿಯನ್ನು ನೋಡಿ. ಎರಡೂ ಸತ್ತಿದ್ದರೆ ಔಟ್‌ಪುಟ್ ಸುಟ್ಟಿದೆ.

ನೀಲಿಯನ್ನೂ ನೀಲಿ-ಬಿಳಿಯನ್ನೂ ಒಟ್ಟಿಗೆ ಹೊಸೆದು ಟೇಪ್ ಸುತ್ತುವ ಅಭ್ಯಾಸ ಕೆಲವರಿಗೆ. ಮಾಡಬೇಡಿ. ಒಂದರ ಕರೆಂಟ್ ಇನ್ನೊಂದರೊಳಗೆ ಹಿಂದಕ್ಕೆ ನುಗ್ಗುತ್ತದೆ.

ಎದ್ದದ್ದು ಇಳಿಯದಿದ್ದರೆ

ಕೀ ತೆಗೆದ ಮೇಲೂ ಆಂಟೆನಾ ಎದ್ದೇ ನಿಂತಿದ್ದರೆ ಎರಡು ಸಾಧ್ಯತೆ. ಆಂಟೆನಾದ ಡೈರೆಕ್ಟ್ ವೈರ್ ಅನ್ನು ಕೀ ಸಪ್ಲೈಗೆ ಸೇರಿಸಿದ್ದಾರೆ. ಕೀ ತೆಗೆದ ಕ್ಷಣ ಇಳಿಯಲು ಕರೆಂಟೇ ಇಲ್ಲ. ಮತ್ತೆ ಕೀ ಹಾಕಿ, ಸೆಟ್ ಆಫ್ ಇಟ್ಟರೆ ಇಳಿಯುತ್ತದೆಯೇ ನೋಡಿ. ಇಳಿದರೆ ಇದೇ ತಪ್ಪು. ಇನ್ನೊಂದು, ಸಿಗ್ನಲ್ ವೈರ್ ಹೋಗಿ ಡೈರೆಕ್ಟ್‌ಗೆ ಸೇರಿದೆ. ಆಗ ಕೀ, ಸೆಟ್ ಏನು ಮಾಡಿದರೂ ಇಳಿಯುವುದಿಲ್ಲ. ಇದು ಬ್ಯಾಟರಿಗೂ ಕುತ್ತು. ರಿಲೇ ಹಿಡಿದುಕೊಂಡಿರಲು 0.15 ಆಂಪಿಯರ್ ಎಳೆದರೂ ದಿನಕ್ಕೆ 3.6 ಆಂಪಿಯರ್-ಅವರ್ ಆಯಿತು. 35 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿ ಹತ್ತು ದಿನದೊಳಗೆ ಖಾಲಿ. ಸೆಲ್ಫ್ ಎತ್ತದಿರುವುದು ಅದಕ್ಕೂ ಮೊದಲೇ. ಜಾತ್ರೆಗೆಂದು ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಗಾಡಿ ತಳ್ಳಬೇಕಾದೀತು.

ಕೀ ಆನ್ ಮಾಡಿದ ಕೂಡಲೇ, ಸೆಟ್ ಮುಟ್ಟದೆಯೇ ಎದ್ದರೆ ಸಿಗ್ನಲ್ ವೈರ್ ಕೆಂಪು ವೈರ್‌ಗೆ ಸೇರಿದೆ. ಅಪಾಯವಿಲ್ಲ, ಆದರೆ ಪ್ರತಿ ಸಲ ಗಾಡಿ ತೆಗೆದಾಗಲೂ ಏರಿಳಿದು ನೈಲಾನ್ ದಾರ ಬೇಗ ಸವೆಯುತ್ತದೆ. ಸೆಲ್ಫ್ ಹೊಡೆಯುವಾಗ ಒಮ್ಮೆ ಇಳಿಯಲು ಹೋಗಿ ಮತ್ತೆ ಏಳುವುದೂ ಇದರಿಂದಲೇ, ಆ ಹೊತ್ತಿಗೆ ಕೀ ಸಪ್ಲೈ ಕಡಿದು ಬರುತ್ತದೆ. ಬ್ಲೂಟೂತ್‌ನಲ್ಲೂ ಎದ್ದೇ ಇರುತ್ತದೆ ಎಂದರೆ ನೀಲಿ-ಬಿಳಿಗೆ ಜೋಡಿಸಿದ್ದಾರೆ, ನೀಲಿಗೆ ಬದಲಿಸಿ.

ಸೆಟ್ಟಿನ ಗಡಿಯಾರ, ಸ್ಟೇಷನ್ ಮೆಮೊರಿ ದಿನಾ ಅಳಿದುಹೋಗುತ್ತಿದ್ದರೆ ಹಳದಿ-ಕೆಂಪು ಅದಲುಬದಲು. ಆಂಟೆನಾ ನೋಡುವ ನೆಪದಲ್ಲಿ ಅದನ್ನೂ ಸರಿಮಾಡಿಕೊಳ್ಳಿ.

ಆಂಪ್ಲಿಫೈಯರ್ ಜೊತೆಗಿದ್ದರೆ ರಿಲೇ

ಒಂದೇ ನೀಲಿ ವೈರ್‌ನಿಂದ ಆಂಪ್ಲಿಫೈಯರ್ ಮತ್ತು ಆಂಟೆನಾ ಎರಡನ್ನೂ ಎಳೆಸಬೇಕಾದರೆ ನಡುವೆ ನಾಲ್ಕು ಪಿನ್ನಿನ 12 ವೋಲ್ಟ್ ರಿಲೇ ಹಾಕಿ, ಹಾರನ್ನಿಗೆ, ಹೆಡ್‌ಲೈಟಿಗೆ ಬಳಸುವಂಥದ್ದೇ. ದಾವಣಗೆರೆಯ ಪಿ.ಬಿ. ರಸ್ತೆ ಕಡೆಯ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಾಕೆಟ್ ಸಮೇತ ಕೇಳಿ. 86ಕ್ಕೆ ಸೆಟ್ಟಿನ ನೀಲಿ, 85ಕ್ಕೆ ಅರ್ತ್, 30ಕ್ಕೆ ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ಮೂಲಕ ಬರುವ ವೈರ್, 87ರಿಂದ ಆಂಟೆನಾ ಸಿಗ್ನಲ್ ಮತ್ತು ಆಂಪ್ಲಿಫೈಯರ್ ರಿಮೋಟ್. ರಿಲೇ ಕಾಯಿಲ್ ಎಳೆಯುವುದು 0.15 ಆಂಪಿಯರ್ ಆಸುಪಾಸು, ಸೆಟ್ ಅದನ್ನು ಸಲೀಸಾಗಿ ಹೊರುತ್ತದೆ. 85 ಮತ್ತು 86ರ ನಡುವೆ ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಒಂದು 1ಎನ್4007 ಡಯೋಡ್ ಬೆಸುಗೆ ಹಾಕಿ, ಬೆಳ್ಳಿ ಗೆರೆ 86ರ ಕಡೆ ಇರಲಿ. ಕಾಯಿಲ್ ಆಫ್ ಆಗುವಾಗ ಚಿಮ್ಮುವ ವೋಲ್ಟೇಜ್ ಸೆಟ್ಟಿಗೆ ಹೊಡೆಯದಂತೆ ಅದು ನುಂಗಿಕೊಳ್ಳುತ್ತದೆ. ಗೆರೆ ಉಲ್ಟಾ ಆದರೆ ಡಯೋಡ್ ಶಾರ್ಟ್ ಆಗಿ ನೀಲಿ ಔಟ್‌ಪುಟ್ ಹೋಗುತ್ತದೆ, ಎರಡು ಸಲ ನೋಡಿ.

ಜಾಯಿಂಟ್‌ಗಳನ್ನು ಬೆಸೆದು ಹೀಟ್ ಶ್ರಿಂಕ್ ಹಾಕಿ. ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗದ ಕೋಟೆ ಕೆಳಗೆ ಅರ್ಧ ದಿನ ಗಾಡಿ ನಿಲ್ಲಿಸಿದರೆ ಡ್ಯಾಶ್‌ಬೋರ್ಡಿನೊಳಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಆಮೇಲೆ ಯಾವ ವೈರ್ ಯಾವುದಕ್ಕೆ ತಾಗುತ್ತದೆಂದು ಹೇಳಲಾಗದು.

ಕಡ್ಡಿ ಬದಲಿಸುವುದು

ಮೋಟಾರ್ ಓಡಿ ಕಡ್ಡಿ ಏಳದಿದ್ದರೆ, ಅಥವಾ ಎದ್ದು ನಿಂತ ಮೇಲೂ ಟಕ ಟಕ ಎಂದು ಹಲ್ಲು ಜಾರುವ ಸದ್ದು ಎಷ್ಟೋ ಹೊತ್ತು ಬರುತ್ತಿದ್ದರೆ ದಾರದ ಹಲ್ಲು ಸವೆದಿವೆ. ಮೋಟಾರ್ ಬಿಚ್ಚದೆ ಬರೀ ಕಡ್ಡಿ-ದಾರ ಬದಲಿಸಬಹುದು. ನಿಮ್ಮ ಮಾಡೆಲ್‌ನದ್ದೇ ತನ್ನಿ. ದಾರದ ದಪ್ಪ, ಹಲ್ಲಿನ ಅಂತರ ಬೇರೆಯಾದರೆ ಗಿಯರ್ ಹಿಡಿಯುವುದಿಲ್ಲ.

ಫೆಂಡರ್ ಮೇಲಿನ ನಟ್ ಸಡಿಲಿಸಿ ತೆಗೆಯಿರಿ, ಸುತ್ತ ಪೇಂಟ್ ಮೇಲೆ ಬಟ್ಟೆ ಹಾಸಿ. ಒಬ್ಬರು ರೇಡಿಯೋ ಆನ್ ಮಾಡಲಿ. ಮೋಟಾರ್ ಕಡ್ಡಿಯನ್ನು ದಾರದ ಸಮೇತ ಹೊರಕ್ಕೆ ನೂಕುತ್ತದೆ, ನೀವು ಹಗುರವಾಗಿ ಮೇಲೆಳೆಯುತ್ತಾ ಹೋಗಿ. ಪೂರ್ತಿ ಹೊರಬಂದ ಮೇಲೆ ರೇಡಿಯೋ ಆಫ್ ಮಾಡಬೇಡಿ, ಆನ್‌ನಲ್ಲೇ ಇರಲಿ. ಹೊರಬಂದ ದಾರದ ಹಲ್ಲು ಯಾವ ಕಡೆ ಮುಖ ಮಾಡಿತ್ತು ಎಂದು ಗುರುತಿಟ್ಟುಕೊಳ್ಳಿ. ಹಳೆ ದಾರದ ತುದಿ ಹೊಸದಕ್ಕಿಂತ ಗಿಡ್ಡವಾಗಿದ್ದರೆ ಉಳಿದ ತುಂಡು ಒಳಗೇ ಇದೆ. ಆಗ ಮೋಟಾರ್ ಕೆಳಗಿಳಿಸಿ, ದಾರ ಸುತ್ತಿಕೊಳ್ಳುವ ಡ್ರಮ್ ಬಿಚ್ಚಿ ಆ ತುಂಡನ್ನು ತೆಗೆಯದೆ ಹೊಸದನ್ನು ತೂರಿಸಿ ಫಲವಿಲ್ಲ, ಎರಡೂ ಸಿಕ್ಕಿಕೊಂಡು ಗಿಯರ್ ಮುರಿಯುತ್ತದೆ.

ಹೊಸ ದಾರವನ್ನು ಅದೇ ಮುಖದಲ್ಲಿ ಒಳಗೆ ಇಳಿಸಿ. ಮೆದುವಾಗಿ ಇಳಿಯುತ್ತಾ ಹೋಗಿ ಒಂದು ಕಡೆ ತಡೆಯುತ್ತದೆ, ಅದೇ ಗಿಯರ್. ಅಲ್ಲಿ ಹಗುರವಾಗಿ ಒತ್ತಿ ಹಿಡಿದು "ಆಫ್ ಮಾಡು" ಎನ್ನಿ. ಮೋಟಾರ್ ಇಳಿಯುವ ದಿಕ್ಕಿಗೆ ತಿರುಗಿ ದಾರವನ್ನು ಕಚ್ಚಿ ಎಳೆದುಕೊಳ್ಳುತ್ತದೆ. ಕೈಯಲ್ಲಿ ಜಗ್ಗು ತಿಳಿಯುತ್ತದೆ. ಕಚ್ಚಲಿಲ್ಲವೇ? ದಾರವನ್ನು ಬೆರಳಲ್ಲಿ ಸ್ವಲ್ಪ ಆ ಕಡೆ ಈ ಕಡೆ ತಿರುಗಿಸಿ, ಮತ್ತೆ ಆನ್-ಆಫ್ ಮಾಡಿ. ಎಳೆಯುವಾಗ ಕಡ್ಡಿ ನೇರ ನಿಂತಿರಲಿ, ಬಾಗಿದರೆ ಅಲ್ಲೇ ಮುರಿಯುತ್ತದೆ. ಕೊನೆಗೆ ಎರಡು ಮೂರು ಸೆಂಟಿಮೀಟರ್ ಹೊರಗುಳಿದರೆ ಗಾಬರಿ ಬೇಡ, ನಟ್ ಹಾಕಿ ಒಂದೆರಡು ಸಲ ಏರಿಸಿ ಇಳಿಸಿದರೆ ಕೂರುತ್ತದೆ. ನಟ್ ಕೈಯಲ್ಲಿ ಬಿಗಿದು ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಾಕು. ಎಲ್ಲ ಸರಿಹೋದರೆ ದಾವಣಗೆರೆಯಲ್ಲಿ ಒಂದು ಪ್ಲೇಟ್ ಮಂಡಕ್ಕಿ-ಮಿರ್ಚಿ ಬರುವಷ್ಟರಲ್ಲಿ ಮುಗಿಯುವ ಕೆಲಸ.

ಎದ್ದರೂ ಗೊರಗೊರ ಎಂದರೆ

ಸೆಟ್ ಎಳೆದಾಗ ಹಿಂದಿನ ಆಂಟೆನಾ ಪಿನ್ ಅರ್ಧ ಕಳಚಿರುವುದು ಮಾಮೂಲು. ಒತ್ತಿ ಕೂರಿಸಿ. ಆಮೇಲೂ ಬರದಿದ್ದರೆ ಆ ಪಿನ್ ಕಿತ್ತು, ಸೆಟ್ಟಿನ ತೂತಿನ ನಡುಭಾಗಕ್ಕೆ 73 ಸೆಂಟಿಮೀಟರ್ ವೈರ್ ಚುಚ್ಚಿ ಕಿಟಕಿಯಿಂದ ಹೊರಗಿಡಿ. 102.6ರ ಅಲೆಯ ಕಾಲು ಭಾಗದ ಉದ್ದ ಅಷ್ಟು. ಸ್ಟೇಷನ್ ಸ್ಪಷ್ಟ ಬಂದರೆ ಸೆಟ್ ಸರಿಯಿದೆ, ಕೇಬಲ್ ಅಥವಾ ಆಂಟೆನಾದಲ್ಲಿ ತೊಂದರೆ. ಕೇಬಲ್ಲಿನ ನಡು ಪಿನ್ನಿಗೂ ಎದ್ದ ಕಡ್ಡಿಗೂ ನಡುವೆ ಮೀಟರ್ ಕೆಲವೇ ಓಮ್ ತೋರಿಸಬೇಕು. ನಡು ಪಿನ್ನಿಗೂ ಹೊರ ಕವಚಕ್ಕೂ ನಡುವೆ ಏನೂ ತೋರಿಸಬಾರದು. ತೋರಿಸಿದರೆ ಒಳಗೆ ನೀರು ಸೇರಿದೆ. ಮೋಟಾರಿನ ಅಡಿಯ ರಬ್ಬರ್ ಡ್ರೈನ್ ಕೊಳವೆ ಮಣ್ಣಿನಿಂದ ಕಟ್ಟಿದೆಯೇ ನೋಡಿ. ಎಂಜಿನ್ ಓಡುವಾಗ ಮಾತ್ರ ಕುಯ್ ಎನ್ನುವ ಸದ್ದಿದ್ದು ಆಕ್ಸಿಲರೇಟರ್ ಜೊತೆ ಏರಿದರೆ ಅರ್ತ್ ಹಿಡಿದಿಲ್ಲ. ಟಿಂಕರಿಂಗ್, ಪೇಂಟಿಂಗ್ ಆದ ಫೆಂಡರ್‌ಗಳಲ್ಲಿ ಪುಟ್ಟಿ-ಪೇಂಟ್ ಅಡಿಯಲ್ಲಿ ಲೋಹವೇ ಸಿಗದು. ಆಂಟೆನಾ ಕೂರುವ ಜಾಗವನ್ನು ಒಳಗಿನಿಂದ ಮರಳು ಕಾಗದದಲ್ಲಿ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ.

ಕಡ್ಡಿ ಏಳುವ ಮೋಟಾರೇ ಇಲ್ಲದ ಈಚಿನ ಗಾಡಿಗಳಿಗೂ ನೀಲಿ ವೈರ್ ಬೇಕಾಗುವುದುಂಟು. ಗಿಡ್ಡ ಆಂಟೆನಾ, ಶಾರ್ಕ್ ಫಿನ್, ಗಾಜಿನ ಆಂಟೆನಾಗಳ ಬುಡದಲ್ಲಿ ಸಣ್ಣ ಬೂಸ್ಟರ್ ಇರುತ್ತದೆ, ಅದಕ್ಕೆ 12 ವೋಲ್ಟ್ ಹೋಗಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾ ಮುಂತಾದವುಗಳಲ್ಲಿ ಆ ವೋಲ್ಟೇಜ್ ಕೋಆಕ್ಸ್ ಒಳಗೇ ಹೋಗುತ್ತದೆ. ಹೊರಗಿನ ಸೆಟ್ ಅದನ್ನು ಕೊಡದ ಕಾರಣ, ನೀಲಿ ವೈರ್ ಬಾಲವಿರುವ ಆಂಟೆನಾ ಅಡಾಪ್ಟರ್ ಹಾಕಬೇಕು. ಸ್ಟೇಷನ್ ಊರೊಳಗೆ ಚೆನ್ನಾಗಿ ಬರುತ್ತದೆ, ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರ್ ದಾಟುತ್ತಲೇ ಹೋಗುತ್ತದೆ ಎನ್ನುವವರ ಗಾಡಿಯಲ್ಲಿ ಕೊರತೆ ಇದೇ ಆಗಿರುವ ಸಂಭವ ಹೆಚ್ಚು.

ನಮ್ಮ ಕಡೆಯ ಧೂಳು ಆಂಟೆನಾಗೆ ದೊಡ್ಡ ಶತ್ರು. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅದಿರಿನ ಕೆಂಪು ಪುಡಿ, ಊರ ಸುತ್ತ ಅಕ್ಕಿ ಗಿರಣಿಯ ಹೊಟ್ಟು. ಕಡ್ಡಿಗೆ ಗ್ರೀಸ್, ಎಂಜಿನ್ ಆಯಿಲ್ ಹಚ್ಚಿದರೆ ಈ ಧೂಳು ಅಂಟಿ ಉಜ್ಜುಪುಡಿಯಾಗಿ ಒಳಗೆ ಹೋಗುತ್ತದೆ. ತಿಂಗಳಿಗೊಮ್ಮೆ ಪೂರ್ತಿ ಏರಿಸಿ, ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಪ್ರತಿ ತುಂಡನ್ನೂ ಒರೆಸಿ, ಸಿಲಿಕೋನ್ ಸ್ಪ್ರೇ ಬಟ್ಟೆಗೆ ಹೊಡೆದು ಒಂದು ಕೈ ಎಳೆದು, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿಬಿಡಿ. ವಾಟರ್ ವಾಶ್‌ಗೆ ಬಿಡುವಾಗ ಸೆಟ್ ಪೂರ್ತಿ ಆಫ್ ಮಾಡಿ ಕಡ್ಡಿ ಇಳಿದದ್ದನ್ನು ಕಣ್ಣಾರೆ ನೋಡಿ ಕೀ ಕೊಡಿ. ಒಳಗೆ ಕೂತು ಹಾಡು ಹಾಕಿಕೊಂಡು ಬಟ್ಟೆ ಹಿಂಡುವ ಹುಡುಗನಿಗೆ ಫೆಂಡರ್ ಮೇಲೆ ಕಡ್ಡಿ ಎದ್ದಿರುವುದು ಕಾಣಿಸುವುದಿಲ್ಲ.